ಚಿಮ್ಮಂಡೆಗಳಿಗೆ ಸಮಾರಾಧನೆ

ಡಲ್ಲಾಸಿನ ಮಗನ ಮನೆಯಲ್ಲಿ ನನಗಿಂತ ಚೆನ್ನಾಗಿ ಉಣ್ಣುತ್ತಿರುವುದು ಚಿಮ್ಮಂಡೆಗಳು. ಮೊಮ್ಮಗ ಸಾಕಿರುವ ಬಿಯರ್ಡೆಡ್ ಡ್ರ್ಯಾಗನ್ ಎಂಬ ಗಡ್ಡದ ಓತಿಕ್ಯಾತಕ್ಕೆ ಇವೇ ಊಟ. ಹಿಡಿದು ಹಾಕಿದರಾಯಿತಲ್ಲ ಎಂದರೆ, "ಹಾಗಲ್ಲ ತಾತ, ಮೊದಲು ಹುಳದ ಹೊಟ್ಟೆ ತುಂಬಿಸಬೇಕು" ಎಂದ. ಚಿಮ್ಮಂಡೆಯ ಮೈಯಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಕಮ್ಮಿ. ಆದ್ದರಿಂದ ಬಡಿಸುವ 24ರಿಂದ 48 ಗಂಟೆ ಮುಂಚೆ ಅದಕ್ಕೆ ಭರ್ಜರಿ ಔತಣ. ಆಮೇಲೆ ಕ್ಯಾಲ್ಸಿಯಂ ಪುಡಿಯ ಡಬ್ಬಿಯಲ್ಲಿ ಹಾಕಿ ಮೆಲ್ಲಗೆ ಕುಲುಕಿದರೆ, ಪೌಡರ್ ಬಳಿದ ಮದುಮಗನ ಹಾಗೆ ಬೆಳ್ಳಗಾಗಿ ಮೀಸೆ ಕುಣಿಸುತ್ತಾ ನಿಲ್ಲುತ್ತದೆ. ಪಾಪ, ಮುಹೂರ್ತ ಯಾವುದೆಂದು ಅದಕ್ಕೆ ಗೊತ್ತಿಲ್ಲ.

ಈ ಔತಣಕ್ಕೆ ಅಡುಗೆಭಟ್ಟ ನಾನೇ. ಕೊಲಾರ್ಡ್ ಸೊಪ್ಪಿನ ಜೊತೆ ಒಂದಿಷ್ಟು ಕ್ಯಾರೆಟ್, ಸಿಹಿಗೆಣಸು ಸೇರಿಸಿ ರುಬ್ಬಿ, ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ, ಬೇಕಾದಾಗ ಒಂದೊಂದೇ ಬಿಲ್ಲೆ ಕರಗಿಸಿ ಬಡಿಸಬೇಕು. ಪಾಲಕ್ ಹೆಚ್ಚು ಹಾಕುವಂತಿಲ್ಲ; ಅದರ ಆಕ್ಸಲೇಟ್ ಕ್ಯಾಲ್ಸಿಯಮ್ಮನ್ನೇ ಕಟ್ಟಿಹಾಕುತ್ತದೆ. ಜೊತೆಗೆ ಹುಳಕ್ಕೆ ಹಾಕುವ ಓಟ್ಸ್ ಪುಡಿ ಗಾಳಿಯಾಡದ ಡಬ್ಬಿಯಲ್ಲೇ ಇರಬೇಕು, ತೇವ ಸೋಕಿದರೆ ಬೂಷ್ಟು. ಬಟ್ಟಲಲ್ಲಿ ನೀರಿಟ್ಟರೆ ಮುಳುಗಿ ಸಾಯುತ್ತವೆಂದು ಕುಡಿಯಲು ಜೆಲ್ಲು! ಉಳಿದ ತರಕಾರಿ ಹಳಸುವ ಮೊದಲೇ ತೆಗೆದೆಸೆಯಬೇಕು. ನಿನ್ನೆಯ ಹುಳಿಯನ್ನು ಇವತ್ತು ಕುದಿಸಿ, "ರುಚಿ ಈಗ ಬಂತು ನೋಡು" ಎನ್ನುವ ವಂಶದವನು ನಾನು. ಹುಳಕ್ಕೆ ಮಾತ್ರ ತಂಗಳು ನಿಷಿದ್ಧ.

ಮಕ್ಕಳ ಮನೆಗೆ ಅಮೆರಿಕಕ್ಕೆ ಹೊರಟವರಿಗೆ ಒಂದು ಕಿವಿಮಾತು: ಫ್ರೀಜರಿನಲ್ಲಿ ಹಸಿರು ಬಿಲ್ಲೆ ಕಂಡರೆ ಪುದೀನ ಚಟ್ನಿಯೆಂದು ದೋಸೆಗೆ ಹಚ್ಚಬೇಡಿ. ಮೊದಲು ಮೊಮ್ಮಕ್ಕಳನ್ನು ಕೇಳಿ.