ವಂಶಾವಳಿಯಲ್ಲೊಂದು ಎಮ್ಮೆ

ಮನೆತನದ ವಂಶಾವಳಿ ಓದಿ ಹೇಳುವ ಹೆಳವ ಬಂದ. ಹಿಂದೆ ಎತ್ತಿನ ಮೇಲೆ ಗಂಟೆ ಬಾರಿಸುತ್ತ ಬರುತ್ತಿದ್ದರು, ಇವನದು ಬೈಕು. ಕೆಂಪು ಬಟ್ಟೆಯ ಗಂಟು ಬಿಚ್ಚಿ, ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿದ.

ಮಾವ: 1824ರ ಕಿತ್ತೂರ ಯುದ್ಧ ನೋಡಪಾ. ನಮ್ಮ ಹಿರೀಕ ಚೆನ್ನಮ್ಮನ ದಂಡಿನ್ಯಾಗಿದ್ದ.

ಹೆಳವ: ಕಲೆಕ್ಟರ್ ಥ್ಯಾಕರೆ ಬಿದ್ದ ದಿನ ನಿಮ್ಮವರು ಕಿತ್ತೂರಾಗ ಇದ್ದರ್ರೀ.

ಮಾವ (ಮೀಸೆ ತಿರುವಿ): ಕೇಳ್ರಿ ಬೀಗರ!

ಹೆಳವ: ಊರೆಲ್ಲಾ ಕ್ವಾಟಿ ಕಡೆ ಓಡಿತು. ಇವರು ಗೌಡರ ಕೊಟಗಿ ಕಡೆ ಹೋದ್ರು. ಎರಡು ಎಮ್ಮಿ, ಒಂದು ಕರ. ರಾತ್ರೋರಾತ್ರಿ ಈ ಊರಿಗೆ ಬಂದ್ರು.

ಹೊಸ ಬೀಗರು ಚಹಾದ ಬಸಿ ಕೆಳಗಿಟ್ಟರು.

ಮಾವ: ‘ದಂಡಿಗೆ ಹಾಲು ಒದಗಿಸಿದ’ ಅಂತ ಬರಿ.

ಹೆಳವ: ನಮ್ಮ ಹಿರ್ಯಾರು ಬರೆದದ್ದು, ಅಳಿಸಾಕ ಬರಂಗಿಲ್ರಿ.

ಅತ್ತೆ (ಒಳಗಿನಿಂದ): ಆ ಕರದ ಗಂಟಿ ದೇವರ ಕೋಣ್ಯಾಗ ಐತಿ. ದಸರಾಕ್ಕ ಪೂಜಿ ಮಾಡ್ತೀವಿ!

ಮಾವ ತಡವರಿಸಿದ್ದನ್ನು ಮೊದಲ ಸಲ ಕಂಡೆ. ಅಳಿಯನಿಗೆ ಇದೂ ಒಂದು ಸುಖ. ನೋಟೊಂದು ಹೆಳವನ ಗಂಟಿನೊಳಗೆ ಜಾರಿತು.

ಕೊಟ್ಟ ದಾನವನ್ನು ಬರೆದಿಡುವುದು ಹೆಳವರ ಪದ್ಧತಿ. ಪೆನ್ನು ತೆಗೆದು ಅದೇ ಹಾಳೆಯ ಕೆಳಗೆ ಬರೆದ: ‘ಎಮ್ಮಿ ವಿಷಯ ಮುಚ್ಚಾಕ, ರೂಪಾಯಿ 500.’