ನಿಂತ್ಕೊಂಡೇ ಹೋಗ್ಬೇಕೇನೋ?

2001ರ ಡಿಸೆಂಬರ್‌ನಲ್ಲಿ ಪತ್ರಿಕೆಯಲ್ಲಿ ಬಂದಿದ್ದ ಒಂದು ಚಿತ್ರವನ್ನು ಸೋದರತ್ತೆಗೆ ತೋರಿಸಿದ್ದೆ. ಅಕ್ಕಪಕ್ಕ ಎರಡು ಚಕ್ರ, ನಡುವೆ ಮಣೆಯಂಥದ್ದು, ಮಣೆಯಿಂದ ಎದ್ದ ಒಂದು ಕೋಲು, ಕೋಲು ಹಿಡಿದು ನೆಟ್ಟಗೆ ನಿಂತ ಒಬ್ಬ ಅಮೆರಿಕದವನು. ಹೆಸರು ಸೆಗ್‌ವೇ. ‘ಇನ್ನು ಕಾರುಗಳೆಲ್ಲ ಗುಜರಿಗೆ, ಅತ್ತೆ’ ಎಂದೆ. ಅತ್ತೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನೋಡಿ, ಬೆಲೆ ಎಷ್ಟು ಎಂದರು. ಹತ್ತಿರ ಹತ್ತಿರ ಐದು ಸಾವಿರ ಡಾಲರ್, ನಮ್ಮ ದುಡ್ಡಲ್ಲಿ ಎರಡು ಲಕ್ಷದ ಮೇಲೆ ಎಂದೆ.

‘ಅಷ್ಟು ಕೊಟ್ಟು ನಿಂತ್ಕೊಂಡೇ ಹೋಗ್ಬೇಕೇನೋ?’

ಇಷ್ಟು ಕೇಳಿ ಅತ್ತೆ ಅವರೆಕಾಯಿ ಬಿಡಿಸಲು ಕೂತರು. ನಮ್ಮ ಸಿಟಿ ಬಸ್ಸಿನಲ್ಲಿ ನಿಂತು ಹೋಗುವ ಸೌಭಾಗ್ಯಕ್ಕೆ ಆಗ ಚಿಲ್ಲರೆ ಕಾಸು ಸಾಕಿತ್ತು, ಅದೂ ಕಂಡಕ್ಟರ್ ವಾಪಸ್ ಕೊಟ್ಟರೆ. ಅತ್ತೆಯ ಪ್ರಶ್ನೆಗೆ ‘ಹೌದು, ಅದೇ ತಪ್ಪಾಯಿತು’ ಎಂದು ಒಪ್ಪಿಕೊಳ್ಳಲು ಜಗತ್ತಿಗೆ ಹದಿನೆಂಟೂವರೆ ವರ್ಷ ಹಿಡಿಯಿತು. 2020ರ ಜುಲೈನಲ್ಲಿ ಸೆಗ್‌ವೇಯ ತಯಾರಿಕೆ ನಿಂತಿತು.

ಆದರೆ ಆ ಕಾಲದ ದೊಡ್ಡವರ ಮಾತು ಕೇಳಿದ್ದರೆ ಅತ್ತೆಗೂ ನಾಚಿಕೆಯಾಗುತ್ತಿತ್ತು. ಯಂತ್ರ ಕಣ್ಣಿಗೆ ಬೀಳುವ ಹನ್ನೊಂದು ತಿಂಗಳು ಮೊದಲೇ, ಅದರ ಮೇಲೆ ಬರೆಯಬೇಕಾಗಿದ್ದ ಪುಸ್ತಕದ ಸುದ್ದಿ ಸೋರಿತ್ತು. ಯಂತ್ರ ಏನೆಂದು ಹೇಳದೆಯೇ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಪ್ರೆಸ್ ಆ ಪುಸ್ತಕಕ್ಕೆ 2,50,000 ಡಾಲರ್ ಒಪ್ಪಿಕೊಂಡಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನಾವು ಕಂಡಿದ್ದೇವೆ. ಇದು ಗಂಡೋ ಹೆಣ್ಣೋ ಕರುವೋ ತಿಳಿಯದೆ ರೇಷ್ಮೆ ಕುಲಾವಿ ಹೊಲಿಸಿದ ಪ್ರಸಂಗ. ಸ್ಟೀವ್ ಜಾಬ್ಸ್ ಇದು ಪರ್ಸನಲ್ ಕಂಪ್ಯೂಟರಿನಷ್ಟೇ ದೊಡ್ಡ ಸಂಗತಿ ಎಂದರಂತೆ. ಹಣ ಹೂಡಿದ ಜಾನ್ ಡೋರ್ ಇಂಟರ್ನೆಟ್ಟಿಗಿಂತಲೂ ದೊಡ್ಡದಾದೀತು ಎಂದರಂತೆ. ಸಂಶೋಧಕ ಡೀನ್ ಕೇಮನ್ ಅವರಂತೂ, ಕುದುರೆಗಾಡಿಗೆ ಕಾರು ಏನು ಮಾಡಿತೋ ಕಾರಿಗೆ ಇದು ಅದನ್ನೇ ಮಾಡುತ್ತದೆ ಎಂದು ಸಾರಿದರು. ಜೆಫ್ ಬೆಜೋಸ್ ಒಬ್ಬರು ಮಾತ್ರ, ಮಾರಾಟ ಇರಲಿ, ಇದನ್ನು ಓಡಿಸಲು ಜನರನ್ನು ಬಿಡುತ್ತಾರಾ ಎಂದು ಕೇಳಿದ್ದರಂತೆ. ಕೋಟ್ಯಧಿಪತಿಗಳಲ್ಲೂ ಅಲ್ಲೊಬ್ಬ ಇಲ್ಲೊಬ್ಬ ಅತ್ತೆ ಇರುತ್ತಾರೆ.

ಗುಟ್ಟಿನ ಕಾಲದಲ್ಲಿ ಇದಕ್ಕಿದ್ದ ಹೆಸರು ‘ಜಿಂಜರ್’, ಅಂದರೆ ಶುಂಠಿ. ಕನ್ನಡದಲ್ಲಿ ಶುಂಠಿಗೂ ಶುಂಠನಿಗೂ ಒಂದು ಗುಡಿಸಿನಷ್ಟೇ ದೂರ ಎಂದು ಅವರಿಗೆ ಹೇಳುವವರಿರಲಿಲ್ಲ. ಹೆಸರು ಬಂದದ್ದು ನರ್ತಕಿ ಜಿಂಜರ್ ರೋಜರ್ಸ್‌ಳಿಂದ. ಆಕೆಯ ಜೋಡಿ ಫ್ರೆಡ್ ಆಸ್ಟೇರ್. ಆ ‘ಫ್ರೆಡ್’ ಎಂಬ ಹೆಸರು ಕೇಮನ್ ಅವರದೇ ಹಿಂದಿನ ಸಂಶೋಧನೆಯಾದ, ಮೆಟ್ಟಿಲು ಹತ್ತುವ ಗಾಲಿಕುರ್ಚಿಗಿತ್ತು. ಆ ಕುರ್ಚಿಯ ಮುಂದೆ ನಾನೂ ಕೈಮುಗಿಯುತ್ತೇನೆ. ಕಾಲಿಲ್ಲದವನನ್ನು ಎರಡೇ ಗಾಲಿಯ ಮೇಲೆ ಎತ್ತಿ ನಿಲ್ಲಿಸಿ, ಎದುರಿನವನ ಕಣ್ಣಿಗೆ ಕಣ್ಣು ಸೇರಿಸಿ ಮಾತಾಡುವಂತೆ ಮಾಡಿದ ಯಂತ್ರ ಅದು. ಅದೇ ಸಮತೋಲನದ ವಿದ್ಯೆಯನ್ನು ತೆಗೆದು, ಎರಡೂ ಕಾಲು ಗಟ್ಟಿಮುಟ್ಟಾಗಿರುವ, ಬೆಳಿಗ್ಗೆ ವಾಕಿಂಗ್ ಮಾಡಿ ಎಂದು ಡಾಕ್ಟರ್ ಗದರಿಸಿ ಕಳಿಸಿದ ಜನರಿಗೆ ಮಾರಲು ಹೊರಟದ್ದೇ ಸೆಗ್‌ವೇ. ಗೈರೋಸ್ಕೋಪುಗಳು ಸೆಕೆಂಡಿಗೆ ನೂರು ಸಲ ಲೆಕ್ಕ ಹಾಕಿ ನಿಮ್ಮನ್ನು ಬೀಳದಂತೆ ನಿಲ್ಲಿಸುತ್ತವೆ. ಒಂದು ವರ್ಷದ ಮಗು ಇದನ್ನು ಗೋಡೆ ಹಿಡಿದು ಕಲಿಯುತ್ತದೆ.

ಬೀಳುವುದಿಲ್ಲ ಎಂಬ ಮಾತಿಗೂ ಗ್ರಹಚಾರ ಕಾದಿತ್ತು. 2003ರ ಜೂನ್‌ನಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ತಮ್ಮ ಮನೆತನದ ಬಂಗಲೆಯ ಮುಂದೆ ಹತ್ತಿದರು, ಮುಗ್ಗರಿಸಿದರು. ಅವರು ಸರಿಯಾಗಿ ಆನ್ ಮಾಡಿರಲಿಲ್ಲ ಎಂಬ ಸಮಜಾಯಿಷಿ ಬಂತು. ಇರಲಿ, ಅಧ್ಯಕ್ಷರ ವಿಷಯ. ಆದರೆ ಅದೇ ಸೆಪ್ಟೆಂಬರ್‌ನಲ್ಲಿ, ಬ್ಯಾಟರಿ ಇಳಿದಾಗ ಸವಾರರು ಬೀಳುತ್ತಿದ್ದಾರೆಂದು ಕಂಪನಿ ಮಾರಿದ ಅಷ್ಟೂ ಯಂತ್ರಗಳನ್ನು ರಿಪೇರಿಗೆ ಕರೆಸಬೇಕಾಯಿತು. ಎಷ್ಟು ಮಾರಿದ್ದೇವೆ ಎಂಬ ಗುಟ್ಟನ್ನು ಅಲ್ಲಿಯವರೆಗೆ ಬಿಟ್ಟುಕೊಟ್ಟಿರದ ಕಂಪನಿಗೆ, ಸರ್ಕಾರಿ ಪ್ರಕಟಣೆಯಲ್ಲಿ ಸಂಖ್ಯೆ ಬರೆಯದೆ ವಿಧಿಯಿರಲಿಲ್ಲ. ಸುಮಾರು 6,000. ಚಕ್ರ ಇದ್ದಕ್ಕಿದ್ದಂತೆ ಹಿಂದಕ್ಕೆ ತಿರುಗುತ್ತದೆಂದು 2006ರಲ್ಲಿ ಮತ್ತೆ ಕರೆಸಿದರು. ಆಗ ಸುಮಾರು 23,500. ಮನೆಗೆ ಕಳ್ಳ ಬಿದ್ದು ಪೊಲೀಸರು ಬಂದಾಗಲೇ ಬೀರುವಿನಲ್ಲಿ ಎಷ್ಟಿತ್ತೆಂದು ನೆಂಟರಿಗೆ ತಿಳಿಯುವುದಲ್ಲವೇ, ಹಾಗೆ.

ಲೆಕ್ಕ ಇನ್ನೂ ಸ್ವಲ್ಪ ಇದೆ. 2002ರ ಕೊನೆಯ ಹೊತ್ತಿಗೆ ವಾರಕ್ಕೆ 10,000 ಮಾರುತ್ತೇವೆ ಎಂಬುದು ಕೇಮನ್ ಅವರ ಅಂದಾಜು. ಹುಟ್ಟಿನಿಂದ ಕೊನೆಯುಸಿರಿನವರೆಗೆ ಮಾರಾಟವಾದದ್ದು ಒಟ್ಟು ಸುಮಾರು 1,40,000. ಅಂದರೆ ಹದಿನಾಲ್ಕು ವಾರದ ಕೆಲಸಕ್ಕೆ ಹದಿನೆಂಟೂವರೆ ವರ್ಷ. ನಮ್ಮ ರಸ್ತೆಯ ಮೋರಿ ಕಂಟ್ರಾಕ್ಟರ್ ಕೂಡ ಈ ಲೆಕ್ಕ ಕೇಳಿ ಎದೆ ಉಬ್ಬಿಸುತ್ತಾನೆ.

ಇದು ಎಲ್ಲಿ ಓಡಬೇಕಿತ್ತು ಎನ್ನುವುದೂ ಯಾರಿಗೂ ತಿಳಿಯಲಿಲ್ಲ. ಗಂಟೆಗೆ ಇಪ್ಪತ್ತು ಕಿಲೋಮೀಟರ್ ಹೋಗುವ ಇದನ್ನು ರಸ್ತೆಗೆ ಬಿಟ್ಟರೆ ಕಾರಿನವರು ಬೈಯುತ್ತಾರೆ, ಫುಟ್‌ಪಾತಿಗೆ ಬಿಟ್ಟರೆ ನಡೆಯುವವರು. ಸ್ಯಾನ್ ಫ್ರಾನ್ಸಿಸ್ಕೊ ತನ್ನ ಫುಟ್‌ಪಾತಿಗೆ ಕಾಲಿಡಬೇಡ ಎಂದೇಬಿಟ್ಟಿತು. ತೂಕ ಮೂವತ್ತೆಂಟು ಕೇಜಿ. ಎರಡನೇ ಮಹಡಿಯ ಮನೆಯವನು ಸಂಜೆ ಅದನ್ನು ಹೊತ್ತು ಮೆಟ್ಟಿಲು ಹತ್ತುವುದನ್ನು ಯೋಚಿಸಿ. ಅಣ್ಣ ಫ್ರೆಡ್ ತಾನೇ ಹತ್ತುತ್ತಿದ್ದ, ತಂಗಿಯನ್ನು ಹೊರಬೇಕು.

ಕೊನೆಗೆ ಅದಕ್ಕೆ ಆಶ್ರಯ ಕೊಟ್ಟವರು ಮಾಲ್ ಕಾವಲುಗಾರರು, ಹೆಲ್ಮೆಟ್ ತೊಟ್ಟು ಬಾತುಕೋಳಿಗಳಂತೆ ಸಾಲಾಗಿ ಹೋಗುವ ಪ್ರವಾಸಿಗರು, ಟೀವಿ ಕ್ಯಾಮೆರಾದವರು. 2015ರಲ್ಲಿ ಬೀಜಿಂಗ್‌ನಲ್ಲಿ 200 ಮೀಟರ್ ಗೆದ್ದು ಜನರಿಗೆ ಕೈಬೀಸುತ್ತಿದ್ದ ಉಸೇನ್ ಬೋಲ್ಟ್‌ನ ಹಿಂಗಾಲಿಗೆ ಅಂಥ ಒಬ್ಬ ಕ್ಯಾಮೆರಾಮನ್ ಗುದ್ದಿ, ಇಬ್ಬರೂ ಉರುಳಿದರು. ಓಡಿ ಯಾರೂ ಹಿಡಿಯಲಾಗದವನನ್ನು ನಿಂತುಕೊಂಡೇ ಹಿಡಿದ ಏಕೈಕ ವಾಹನ ಇದು. ಇದನ್ನಾದರೂ ಜಾಹೀರಾತಿಗೆ ಹಾಕಬಹುದಿತ್ತು.

ನಾನೂ ಒಮ್ಮೆ ಹತ್ತಿದ್ದೇನೆ, ರೆಸಾರ್ಟ್ ಒಂದರ ಹುಲ್ಲುಹಾಸಿನಲ್ಲಿ, ಹತ್ತು ನಿಮಿಷಕ್ಕೆ ಇನ್ನೂರು ರೂಪಾಯಿ ಕೊಟ್ಟು. ಪಕ್ಕದಲ್ಲೇ ಓಡುತ್ತಿದ್ದ ಹುಡುಗ ‘ವಾಲಿ ಸಾರ್, ಬಗ್ಗಬೇಡಿ, ವಾಲಿ’ ಎನ್ನುತ್ತಿದ್ದ. ವಾಲಿದರೆ ಮುಂದೆ, ಹಿಂದಕ್ಕೆ ಒರಗಿದರೆ ನಿಲ್ಲುತ್ತದೆ. ಚೆನ್ನಾಗಿಯೇ ಇತ್ತು ಎಂದು ಒಪ್ಪಿಕೊಳ್ಳಬೇಕು. ಮೂರನೇ ಸುತ್ತಿಗೆ ನನಗೆ ಸ್ಟೀವ್ ಜಾಬ್ಸ್ ಅರ್ಥವಾಗತೊಡಗಿದ್ದರು. ಆಮೇಲೆ ಕೆಂಪು ದೀಪ ಮಿನುಗಿತು. ಹುಡುಗ ನನ್ನನ್ನು ಇಳಿಸಿ, ಅದರ ಕೋಲು ಹಿಡಿದು, ಹಟ ಹಿಡಿದ ಕರುವಿನಂತೆ ಷೆಡ್ಡಿನ ಕಡೆಗೆ ತಳ್ಳಿಕೊಂಡು ಹೊರಟ. ಪೂರ್ತಿ ಮೈಬೆವರು.

‘ಡ್ಯೂಟಿ ಮುಗಿದ ಮೇಲೆ ಊರಿಗೆ ಇದರಲ್ಲೇ ಹೋಗಬಹುದಲ್ಲಯ್ಯ’ ಎಂದೆ.

‘ಎಲ್ಲಿ ಸಾರ್,’ ಎಂದ, ‘ಡಬಲ್ಸ್ ಹೋಗಕ್ಕಾಗಲ್ವಲ್ಲ.’