ಸದರಿ ಆಸಾಮಿ ಸಿಕ್ಕಿರುವುದಿಲ್ಲ

ಮೂರು ಲಕ್ಷದ ಚೆಕ್ಕು ಬೌನ್ಸ್ ಆಯಿತು. ಬೌನ್ಸ್ ಆದದ್ದಕ್ಕೆ ಬ್ಯಾಂಕು ನನ್ನ ಖಾತೆಯಿಂದ ಶುಲ್ಕ ಮುರಿದುಕೊಂಡಿತು. ಚೆಕ್ಕು ಕೊಟ್ಟವನ ಖಾತೆಯಲ್ಲಿ ದುಡ್ಡಿರಲಿಲ್ಲವಲ್ಲ, ಪಾಪ.

ಅಂದಿನಿಂದ ಕಾನೂನು ಬೆನ್ನು ಹತ್ತಿದೆ. ನನ್ನ ಬೆನ್ನು. ಬ್ಯಾಂಕಿನ ಮೆಮೊ ಸಿಕ್ಕ 30 ದಿನದೊಳಗೆ ನಾನು ನೋಟಿಸ್ ಕೊಡಬೇಕು. ಅದು ಮುಟ್ಟಿದ ಮೇಲೆ 15 ದಿನ ಅವನಿಗೆ ಪುರುಸೊತ್ತು. ಆಮೇಲೆ ಒಂದು ತಿಂಗಳೊಳಗೆ ನಾನು ದೂರು ಹಾಕಬೇಕು. ತಡವಾದರೆ ಕಾರಣ ಹೇಳಿ ಕೈಮುಗಿಯಬೇಕು. ಗಡುವೆಲ್ಲ ಕಳಕೊಂಡವನಿಗೆ.

ಸಮನ್ಸ್ ಹೋಯಿತು. ‘ಡೋರ್ ಲಾಕ್’ ಎಂದು ಬಂತು. ಮತ್ತೆ ಹೋಯಿತು. ‘ಮನೆ ಖಾಲಿ’ ಎಂದು ಬಂತು. ಜಾಮೀನುರಹಿತ ವಾರಂಟೂ ಬಂದ ದಾರಿಗೆ ಸುಂಕವಿಲ್ಲವೆಂದು ಮರಳಿತು. ಮೇಲೆ ಪೇದೆಯ ಷರಾ: ‘ಸದರಿ ಆಸಾಮಿ ವಿಳಾಸದಲ್ಲಿ ಸಿಕ್ಕಿರುವುದಿಲ್ಲ.’ ಸುಂಕ ಇತ್ತು. ಪ್ರೋಸೆಸ್ ಫೀ ಅಂತ ನಾನು ಕಟ್ಟಿದ್ದೆ. ಕಟ್ಟದಿದ್ದರೆ ದೂರೇ ವಜಾ ಆಗಬಹುದಂತೆ.

ಠಾಣೆಗೆ ಹೋದೆ. “ಅಡ್ರೆಸ್ ತಂದ್ಕೊಡಿ ಸಾರ್, ಎತ್ತಾಕ್ಕೊಂಡು ಬರ್ತೀವಿ” ಎಂದರು. ಅಡ್ರೆಸ್ ಗೊತ್ತಿದ್ದರೆ ನಾನು ಠಾಣೆಗೇಕೆ ಬರುತ್ತಿದ್ದೆ?

ಈ ಮನುಷ್ಯ ಬೇರೆ ಯಾರಿಗೂ ಕಾಣೆಯಾಗಿಲ್ಲ. ಸಿಗ್ನಲ್ ಹಾರಿದರೆ ದಂಡದ ಮೆಸೇಜು ಅವನ ಮೊಬೈಲಿಗೇ ಹೋಗುತ್ತದೆ. ಕಾರಿನ ಕಂತು ತಪ್ಪಿದರೆ ವಸೂಲಿಯವರು ಬೆಳಿಗ್ಗೆ ಕಾಫಿಗೆ ಮುಂಚೆ ಬಾಗಿಲಲ್ಲಿರುತ್ತಾರೆ. ಘನ ನ್ಯಾಯಾಲಯದ ಮೊಹರು ಬಿದ್ದ ಕಾಗದಕ್ಕೆ ಮಾತ್ರ ಅವನು ಅದೃಶ್ಯ.

ಚೆಕ್ ಬೌನ್ಸಿಗೆಂದೇ ಇರುವ 138ನೇ ಕಲಂ 1989ರಿಂದ ಜಾರಿಯಲ್ಲಿದೆ. ಎರಡು ವರ್ಷದವರೆಗೆ ಜೈಲು, ಚೆಕ್ಕಿನ ಎರಡು ಪಟ್ಟಿನವರೆಗೆ ದಂಡ. ಕೇಳಿದರೆ ಮೈ ನಡುಗುತ್ತದೆ. ಆರು ತಿಂಗಳಲ್ಲಿ ವಿಚಾರಣೆ ಮುಗಿಸಲು ಪ್ರಯತ್ನಿಸಬೇಕು ಎಂದೂ ಬರೆದಿದ್ದಾರೆ. ಪ್ರಯತ್ನ ನಡೆಯುತ್ತಲೇ ಇದೆ. 2018ರಲ್ಲಿ ಇನ್ನೊಂದು ದಯೆ ತೋರಿದರು: ಚೆಕ್ಕಿನ ಶೇ. 20ರವರೆಗೆ ಮಧ್ಯಂತರ ಪರಿಹಾರ. ಅದಕ್ಕೆ ಆರೋಪಿ ಕೋರ್ಟಿನಲ್ಲಿ ‘ನಾನು ತಪ್ಪು ಮಾಡಿಲ್ಲ’ ಅನ್ನಬೇಕು. ಸುಳ್ಳು ಹೇಳುವುದಕ್ಕಾದರೂ ಒಮ್ಮೆ ಬಾರಯ್ಯಾ!

ಅವನು ಬರದಿದ್ದರೆ ಮುಂದಿನ ತಾರೀಕು. ನಾನು ಬರದಿದ್ದರೆ? ಫಿರ್ಯಾದಿ ಗೈರುಹಾಜರೆಂದು ಅವನನ್ನು ಖುಲಾಸೆ ಮಾಡುವುದಕ್ಕೆ ಕಾನೂನಿನಲ್ಲಿ ಜಾಗ ಇದೆ. ಹಾಗಾಗಿ ಜ್ವರ ಬಂದರೂ ಹೋಗಿ ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಹೊಸಬರು ಯಾರಾದರೂ ನೋಡಿದರೆ ನನ್ನನ್ನೇ ಆರೋಪಿ ಅಂದುಕೊಳ್ಳುತ್ತಾರೆ.

ಉದ್ಘೋಷಣೆ ಹೊರಡಿಸಿ ಆಸ್ತಿ ಜಪ್ತಿ ಮಾಡಿಸೋಣ ಎಂದರು ವಕೀಲರು. ಆಸ್ತಿಯ ವಿವರ ಹುಡುಕಿ ತರಬೇಕಾದವನೂ ನಾನೇ. ಹುಡುಕಿದೆ. ಸೈಟು ಹೆಂಡತಿಯದು, ತೋಟ ಭಾಮೈದನದು. ಅವನ ಹೆಸರಲ್ಲಿರುವುದು ನನ್ನ ಕೇಸು ಒಂದೇ.

2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಚೆಕ್ ಕೇಸಿನ ಸಮನ್ಸನ್ನು ವಾಟ್ಸಾಪು, ಇಮೇಲಿನಲ್ಲೂ ಕಳಿಸಬಹುದೆಂದಿತು. ಕಳಿಸಿದೆವು. ಎರಡು ಗೀಟು ನೀಲಿಯಾದವು. ಆಮೇಲೆ ಅವನ ಫೋಟೊ ಮಾಯವಾಯಿತು.

ಮೊನ್ನೆ ಅವನ ಮಗಳ ಲಗ್ನಪತ್ರಿಕೆ ಯಾರದೋ ಗ್ರೂಪಿನಲ್ಲಿ ತೇಲಿಬಂತು. ಛತ್ರದ ಹೆಸರು, ಮುಹೂರ್ತ, ಗೂಗಲ್ ಮ್ಯಾಪು, ‘ನಿಮ್ಮ ಆಗಮನಾಭಿಲಾಷಿ’ ಎಂದು ಆಸಾಮಿಯ ಪೂರ್ತಿ ಹೆಸರು. ಓಡಿಹೋಗಿ ಪೇದೆಗೆ ತೋರಿಸಿದೆ.

“ಅವತ್ತು ಆಗಲ್ಲ ಸಾರ್, ಬಂದೋಬಸ್ತ್ ಡ್ಯೂಟಿ” ಎಂದ.

“ಎಲ್ಲಿ?”

“ಇದೇ ಛತ್ರದಲ್ಲಿ. ಮಂತ್ರಿಗಳು ಬರ್ತಾರೆ.”